ಹಾಸಿಗೆಯ ಯಾವ ಬದಿ

ಕಿಲೀನ್ ಊರಿನಲ್ಲಿ, ಸೈನ್ಯದ ನೆಲೆಯ ಪೂರ್ವದ ಗೇಟಿಗೆ ಎದುರಾಗಿ, ಟೈರ್ ಅಂಗಡಿಗೂ ಕ್ಷೌರದ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವುದು ನನ್ನ ಹೊಲಿಗೆ ಅಂಗಡಿ. ಸಿಪಾಯಿಗಳ ಎದೆಗೆ ಹೆಸರಿನ ಪಟ್ಟಿ, ತೋಳಿಗೆ ದಳದ ಗುರುತು, ಬಡ್ತಿ ಸಿಕ್ಕವನಿಗೆ ಹೊಸ ಪಟ್ಟೆ, ಹೊಟ್ಟೆ ಬಂದವನಿಗೆ ಪ್ಯಾಂಟು ಬಿಚ್ಚಿ ಹೊಲಿಯುವುದು, ಇದೇ ನನ್ನ ಹೊಟ್ಟೆಪಾಡು. ನನ್ನ ಹೆಸರು ಬೊಕ್-ಸುನ್. ಹುಟ್ಟಿದ್ದು ಕೊರಿಯಾದಲ್ಲಿ. ಹಾರ್ಗ್ರೋವ್ ಎಂಬ ಸಿಪಾಯಿಯನ್ನು ಕಟ್ಟಿಕೊಂಡು ಟೆಕ್ಸಸ್ಸಿಗೆ ಬಂದೆ. ಅವನು ಮಣ್ಣಿಗೆ ಹೋಗಿ ಬಹಳ ವರ್ಷವಾಯಿತು, ಅವನ ಅಡ್ಡಹೆಸರೂ ಈ ಅಂಗಡಿಯೂ ನನಗೆ ಉಳಿದವು.

ಹೊಲಿಗೆಯ ಜೊತೆಗೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಬೋರ್ಡಿನ ಮೇಲೆ ಅದನ್ನು ಬರೆಸಿಲ್ಲ. ನಮ್ಮ ಸಿಪಾಯಿಗಳು ಹೋದ ಹೋದ ದೇಶದಲ್ಲೆಲ್ಲ ಹುಡುಗಿಯರನ್ನು ಮದುವೆಯಾಗಿ ಕರೆತರುತ್ತಾರಲ್ಲ, ಆ ಹುಡುಗಿಯರನ್ನು ವಲಸೆ ಕಚೇರಿಯ ಸಂದರ್ಶನಕ್ಕೆ ತಯಾರು ಮಾಡುವುದು ಆ ಕೆಲಸ. ಗಂಡನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಪ್ಯಾಂಟಿನ ಅಂಚಿಗೆ ಪಿನ್ನು ಹಾಕುತ್ತಾ ಕೇಳುತ್ತಿರುತ್ತೇನೆ. ಇವಳು ಹಲ್ಲುಜ್ಜುವ ಬ್ರಷ್ ಯಾವ ಬಣ್ಣದ್ದು? ಹೋದ ಭಾನುವಾರ ಏನು ಊಟ ಮಾಡಿದಿರಿ? ಅತ್ತೆಯ ಹೆಸರೇನು? ಹಾಸಿಗೆಯ ಯಾವ ಬದಿಗೆ ಯಾರು ಮಲಗುತ್ತೀರಿ? ತಪ್ಪಿದವನಿಗೆ ಪಿನ್ನು ಚುಚ್ಚುತ್ತದೆ. ಬೇಕೆಂದೇ ಚುಚ್ಚುತ್ತೇನೆಂದು ಊರವರು ಹೇಳುತ್ತಾರೆ. ಹೇಳಲಿ ಬಿಡಿ.

ಹೊರದೇಶದ ಹೆಂಡತಿಗೆ ಸರ್ಕಾರ ಮೊದಲು ಕೊಡುವುದು ಎರಡು ವರ್ಷದ ಗ್ರೀನ್ ಕಾರ್ಡು. ಅದು ಮುಗಿಯುವ ಹೊತ್ತಿಗೆ ಗಂಡ ಹೆಂಡತಿ ಕೂಡಿ ಹೋಗಿ, ಈ ಮದುವೆ ನಿಜವಾದದ್ದು, ಕಾರ್ಡಿಗಾಗಿ ಆಡಿದ ನಾಟಕವಲ್ಲ ಎಂದು ತೋರಿಸಬೇಕು. ತೋರಿಸಿದರೆ ಹತ್ತು ವರ್ಷದ ದೊಡ್ಡ ಕಾರ್ಡು. ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ಬೇರೆಯವರಿಗೆ ಇದು ಅಷ್ಟೇನೂ ಕಷ್ಟವಲ್ಲ, ಎರಡು ವರ್ಷ ಒಂದೇ ಸೂರಿನಡಿ ಜಗಳವಾಡಿಕೊಂಡು ಇದ್ದಿರುತ್ತಾರೆ. ನಮ್ಮವರ ಪಾಡು ಬೇರೆ. ಸರ್ಕಾರದ ಒಂದು ಕೈ ಗಂಡನನ್ನು ಎತ್ತಿಕೊಂಡು ಹೋಗುತ್ತದೆ. ಇನ್ನೊಂದು ಕೈ ಮನೆ ಬಾಗಿಲಿಗೆ ಬಂದು, ಗಂಡ ಎಲ್ಲಮ್ಮಾ, ನೀವಿಬ್ಬರೂ ಜೊತೆಗಿದ್ದಂತೆ ಕಾಣುವುದಿಲ್ಲವಲ್ಲ ಎಂದು ಕೇಳುತ್ತದೆ. ಇದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನೊಹೆಮಿ ಸಿಕ್ಕಿಬಿದ್ದದ್ದು ಇದರಲ್ಲೇ. ಹೊಂಡುರಾಸ್ ದೇಶದ ಕೊಮಾಯಾಗ್ವಾ ಎಂಬ ಊರಿನವಳು. ಆ ಊರ ಪಕ್ಕದಲ್ಲಿ ನಮ್ಮ ಸೈನ್ಯದ್ದೊಂದು ನೆಲೆ ಇದೆ. ಅಲ್ಲಿನ ಹೊಲಿಗೆ ಅಂಗಡಿಯಲ್ಲಿ ಅವಳು ಕೆಲಸ ಮಾಡುತ್ತಿದ್ದಳು. ಸಾರ್ಜೆಂಟ್ ಕರ್ಟಿಸ್ ಬೀಸ್ಲಿ ಅಲ್ಲಿಗೆ ವರ್ಗವಾಗಿ ಹೋಗಿದ್ದವನು. ಆರ್ಕನ್ಸಾದ ಹಳ್ಳಿಯವನು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಮಾತಿಗೆ ಬಡವ. ಒಂದೇ ಪ್ಯಾಂಟನ್ನು ಮತ್ತೆ ಮತ್ತೆ ಹರಿದುಕೊಂಡು ಅವಳ ಹತ್ತಿರ ಬರುತ್ತಿದ್ದನಂತೆ. ಕೊನೆಗೆ ಅವಳೇ, "ಸಾರ್ಜೆಂಟ್, ಇನ್ನು ಹೊಲಿಯೋಕೆ ಇದರಲ್ಲಿ ಬಟ್ಟೆಯೇ ಇಲ್ಲ. ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಹೇಳಿ," ಎಂದಳಂತೆ.

ಇಲ್ಲಿಗೆ ಬಂದು ನ್ಯಾಯಾಲಯದಲ್ಲಿ ಮದುವೆಯಾದರು. ಮದುವೆಯ ಕೇಕು ಇನ್ನೂ ಫ್ರಿಜ್ಜಿನಲ್ಲಿರುವಾಗಲೇ ಅವನ ದಳಕ್ಕೆ ಅಫ್ಘಾನಿಸ್ತಾನಕ್ಕೆ ಹೊರಡುವ ಆಜ್ಞೆ ಬಂತು. ಅವನು ಹೋದ ಮರುವಾರ ಇವಳು ನನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಗಿಡ್ಡ ಹುಡುಗಿ, ದಪ್ಪ ಜಡೆ, ಅಂಗೈಯಲ್ಲಿ ಹೊಲಿಗೆಯವರ ಗಟ್ಟಿ ಚರ್ಮ.

"ಹೊಲಿಗೆ ಬರುತ್ತಾ?"

"ಬರುತ್ತೆ, ದೋನ್ಯಾ."

"ದೋನ್ಯಾ ಅಂದ್ರೇನು? ಬೈಗುಳವಾ?"

"ಇಲ್ಲ, ನಮ್ಮ ಕಡೆ ದೊಡ್ಡೋರನ್ನ ಮರ್ಯಾದೆಯಿಂದ ಹಾಗೆ ಕರೀತೀವಿ."

"ಮುದುಕಿ ಅಂತ ಹೇಳಿದ ಹಾಗಾಯ್ತು."

"ಮುದುಕೀನೂ ಹಾಗೇ ಕರೀತೀವಿ," ಎಂದಳು, ಕಣ್ಣು ಕೆಳಗೆ ಹಾಕದೆ.

ಅಲ್ಲೇ ಕೆಲಸಕ್ಕಿಟ್ಟುಕೊಂಡೆ. ಅವಳ ಕೆಲಸ ಚೆನ್ನಾಗಿತ್ತು, ಬಾಯಿ ಅದಕ್ಕಿಂತ ಚೆನ್ನಾಗಿತ್ತು. ತನ್ನದೇ ವಯಸ್ಸಿನ ಸಿಪಾಯಿಗಳನ್ನೆಲ್ಲ "ಮಗನೇ" ಎಂದು ಕರೆಯುವಳು. ಏರ್ ಕಂಡೀಷನರ್ ಹಾಕಿದರೆ ಸ್ವೆಟರ್ ಹಾಕಿಕೊಂಡು ಕೂತು ನನ್ನ ಕಡೆ ದುರುಗುಟ್ಟಿ ನೋಡುವಳು. ಮಧ್ಯಾಹ್ನಕ್ಕೆ ಮೈದಾದ ದಪ್ಪ ರೊಟ್ಟಿ, ಒಳಗೆ ಅರೆದ ಬೀನ್ಸ್ ಕಾಳು, ಚೀಸು, ಮಡಚಿ ತರುತ್ತಿದ್ದಳು. ಮೊದಮೊದಲು ನನ್ನ ಕಿಮ್ಚಿಯ, ಅಂದರೆ ಕೊರಿಯಾದ ಹುಳಿ ಬರಿಸಿದ ಎಲೆಕೋಸಿನ, ಜಾಡಿ ತೆಗೆದರೆ ಮೂಗು ಮುಚ್ಚಿಕೊಂಡು ಬೀದಿಗೆ ಹೋಗುತ್ತಿದ್ದವಳು, ಬೇಸಿಗೆ ಕಳೆಯುವಷ್ಟರಲ್ಲಿ ಆ ರೊಟ್ಟಿಯೊಳಗೇ ಕಿಮ್ಚಿ ತುರುಕಿಕೊಂಡು ತಿನ್ನತೊಡಗಿದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ಕರ್ಟಿಸ್ ಯುದ್ಧದಲ್ಲಿದ್ದಷ್ಟು ಕಾಲವೂ ಅವಳು ಅವನನ್ನು ನೆನೆದು ಅತ್ತದ್ದನ್ನು ನಾನು ನೋಡಲಿಲ್ಲ. ಅವನು ಫೋನು ಮಾಡಿದರೆ ಹೊಲಿಗೆ ಯಂತ್ರ ನಿಲ್ಲಿಸಿ ಹಿಂದಿನ ಕೋಣೆಗೆ ಹೋಗುವಳು, ಬಂದು ಮತ್ತೆ ಪೆಡಲ್ ತುಳಿಯುವಳು. ಅವನು ಹಿಂದಿರುಗಿದ. ಬಂದವನನ್ನು ಮನೆಯಲ್ಲಿರಲು ಬಿಟ್ಟರೇ? ತರಬೇತಿ ಎಂದು ಕ್ಯಾಲಿಫೋರ್ನಿಯಾದ ಮರುಭೂಮಿಗೆ ಕಳಿಸಿದರು, ಇನ್ನೊಂದು ತರಬೇತಿ ಎಂದು ಲೂಸಿಯಾನಾಗೆ ಕಳಿಸಿದರು. ಅಷ್ಟರಲ್ಲಿ ಅವಳ ಎರಡು ವರ್ಷದ ಕಾರ್ಡು ಮುಗಿಯಿತು. ಇಬ್ಬರೂ ಸಹಿ ಹಾಕಿದ ಅರ್ಜಿ ಹೋಗಿತ್ತು, ಸಂದರ್ಶನಕ್ಕೆ ಕರೆ ಬಂದಾಗಲೆಲ್ಲ ಗಂಡ ಊರಲ್ಲಿಲ್ಲ. ಮುಂದೂಡಿದರು, ಮತ್ತೆ ಮುಂದೂಡಿದರು. ಕಾರ್ಡು ಹಳೆಯದಾದರೂ ನಡೆಯುತ್ತದೆ ಎಂದು ಸರ್ಕಾರವೇ ಒಂದು ಕಾಗದ ಕೊಟ್ಟಿತ್ತು. ಆ ಕಾಗದವನ್ನು ಡ್ರೈವಿಂಗ್ ಲೈಸೆನ್ಸಿನ ಕಿಟಕಿಯಲ್ಲಿದ್ದವಳು ಒಪ್ಪಲಿಲ್ಲ. "ಅಮ್ಮಾ, ನನ್ನ ಕಂಪ್ಯೂಟರು ಒಪ್ಪಬೇಕಲ್ಲ," ಎಂದಳಂತೆ. ಹೀಗೆ ಲೈಸೆನ್ಸು ಸಿಗದೆ ನೊಹೆಮಿಯ ಕಾರು ಶೆಡ್ಡಿನಲ್ಲಿ ನಿಂತಿತು. ಬೆಳಿಗ್ಗೆ ಸಂಜೆ ನಾನು ಅವಳಿಗೆ ಡ್ರೈವರಾದೆ. ನನ್ನ ಡ್ರೈವಿಂಗಿಗೆ ಹೆದರಿ ಅವಳು ದಾರಿಯುದ್ದಕ್ಕೂ ಯಾವುದೋ ಸಂತನಿಗೆ ಮೊರೆಯಿಡುತ್ತಿದ್ದಳು.

ಕಡೆಗೊಮ್ಮೆ ಕರ್ಟಿಸ್ ಊರಿನಲ್ಲಿರುವಾಗಲೇ ಸಂದರ್ಶನದ ದಿನ ಗೊತ್ತುಮಾಡಿದ ಕಾಗದ ಬಂತು. ಇನ್ನು ಮುಂದೂಡುವುದಿಲ್ಲ ಎಂದೂ ಅದರಲ್ಲಿತ್ತು. ಮದುವೆಯಾದಾಗಿನಿಂದ ಇಬ್ಬರೂ ಜೊತೆಗಿದ್ದ ಕಾಲವನ್ನು ಕೂಡಿಸಿದರೆ ಒಂದು ಚಳಿಗಾಲಕ್ಕೂ ಸಾಲದು. ಕಚೇರಿಯವರ ಕಣ್ಣಿಗೆ ಇದು ನಾಟಕದ ಮದುವೆಯಂತೆ ಕಂಡರೆ ಅವಳನ್ನು ಕೊಮಾಯಾಗ್ವಾಕ್ಕೆ ವಾಪಸ್ಸು ಕಳಿಸುವುದು ಖಂಡಿತ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಅವಳು ನನ್ನ ಅಂಗಡಿಯ ಚೂರುಬಟ್ಟೆಯ ಮೂಟೆಯಿಂದ ತುಂಡುಗಳನ್ನು ಆರಿಸಿ, ಒಳಗೆ ಹತ್ತಿ ತುಂಬಿ, ಉದ್ದಕ್ಕೆ ಹೊಲಿಯುತ್ತಾ ಕೂತಿದ್ದಳು.

"ಏನೇ ಅದು?"

"ನಾಯಿಗೆ ಹಾಸಿಗೆ."

"ನಿಮ್ಮನೇಲಿ ನಾಯಿ ಎಲ್ಲಿದೆ?"

"ತರೋಣ ಅಂತಿದೀವಿ, ದೋನ್ಯಾ."

"ಎಂಥಾ ನಾಯಿ ಅದು? ಈ ಹಾಸಿಗೆ ಮೇಲೆ ಕುದುರೆ ಮಲಗಬಹುದು."

ಅವಳ ಕೈ ನಿಂತಿತು. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದಳು. ಕರ್ಟಿಸ್ ಹಾಸಿಗೆಯಲ್ಲಿ ಮಲಗುವುದಿಲ್ಲ. ಯುದ್ಧದಿಂದ ಬಂದ ಮೇಲೆ ಕೆಲವು ದಿನ ಮಲಗಿದ. ನಿದ್ದೆಯಲ್ಲೇ ಎದ್ದು ಕೂರುವನು, ಬೆವರುವನು. ಒಮ್ಮೆ ನಿದ್ದೆಗಣ್ಣಲ್ಲಿ ಅವಳ ಮಣಿಕಟ್ಟು ಹಿಡಿದು ತಿರುಚಿದ. ಬೆಳಿಗ್ಗೆ ಆ ಬಾವು ಕಂಡು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ಅಂದಿನಿಂದ ಅವನ ಜಾಗ ಮಲಗುವ ಕೋಣೆಗೂ ಹೊರಬಾಗಿಲಿಗೂ ನಡುವಿನ ಕಾರಿಡಾರು. ಬೂಟು ಹಾಕಿಕೊಂಡೇ, ಗೋಡೆಗೆ ಬೆನ್ನು ಕೊಟ್ಟು, ಬರಿ ನೆಲದ ಮೇಲೆ.

"ನಿನ್ನ ಮೇಲೆ ಕೋಪವೇನೇ ಅವನಿಗೆ?"

"ಅಯ್ಯೋ, ಇಲ್ಲ. ಬಾಗಿಲಿಗೂ ನನಗೂ ಮಧ್ಯೆ ತಾನಿರಬೇಕು ಅಂತಾನೆ. ಯಾರಾದ್ರೂ ಒಳಗೆ ಬಂದ್ರೆ ಮೊದಲು ತಾನು ಸಿಗಬೇಕಂತೆ."

"ಡಾಕ್ಟರ ಹತ್ರ ಹೋಗೋಕೆ ಹೇಳು."

"ಹೇಳಿದೆ. ಬೈಬಲ್ ಮುಟ್ಟಿಸಿ ಆಣೆ ಹಾಕಿಸಿಕೊಂಡ, ಯಾರಿಗೂ ಹೇಳಬಾರದು ಅಂತ. ಗೊತ್ತಾದ್ರೆ ಕೈಯಿಂದ ಬಂದೂಕು ಇಸ್ಕೋತಾರಂತೆ. ಮುಂದಿನ ಸಲ ದಳ ಹೋಗೋವಾಗ ಅವನನ್ನ ಬಿಟ್ಟು ಹೋಗ್ತಾರಂತೆ. ಈಗ ನಿಮಗೆ ಹೇಳಿ ಆಣೆ ಮುರಿದೆ. ಪಾಪ ನನ್ನದು, ಬಾಯಿ ಮಾತ್ರ ನೀವು ಮುಚ್ಕೋಬೇಕು."

ಸೈನ್ಯದಲ್ಲಿ ಕಾಲು ಮುರಿದುಕೊಂಡವನಿಗೆ ಹೂಗುಚ್ಛ ಬರುತ್ತದೆ, ನಿದ್ದೆ ಕಳೆದುಕೊಂಡವನ ಹಿಂದೆ ಪಿಸುಮಾತು ಬರುತ್ತದೆ. ನನ್ನ ಹಾರ್ಗ್ರೋವ್ ಕೂಡ ಒಂದು ಯುದ್ಧ ಮುಗಿಸಿ ಬಂದವನೇ. ಸಾಯುವವರೆಗೂ ಅಡುಗೆಮನೆಯ ದೀಪ ಆರಿಸಲು ಬಿಡಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ನೊಹೆಮಿಯ ಮನೆಯಲ್ಲಿ ಜಗಳವೇ ಇರಲಿಲ್ಲ, ಉಣ್ಣುವುದೂ ಸರಿಯಾಗೇ ಇತ್ತು, ಮಲಗುವುದೇ ದೊಡ್ಡ ಕಷ್ಟವಾಗಿತ್ತು. ಅವಳಿಗೆ ಒಳ್ಳೆಯ ಹತ್ತಿಯ ಚೀಲವನ್ನೇ ಕೊಟ್ಟು ಕಳಿಸಿದೆ.

ಸಂದರ್ಶನಕ್ಕೆ ಮುಂಚಿನ ಶನಿವಾರ ಇಬ್ಬರನ್ನೂ ಅಂಗಡಿಗೆ ಕರೆಸಿಕೊಂಡೆ. ಕರ್ಟಿಸ್ ಸ್ಟೂಲಿನ ಮೇಲೆ ನಿಂತ, ತಲೆ ಫ್ಯಾನಿಗೆ ತಗಲದಂತೆ ಬಗ್ಗಿಕೊಂಡು. ಬ್ರಷ್ಷಿನ ಬಣ್ಣ, ಭಾನುವಾರದ ಊಟ, ಅತ್ತೆಯ ಹೆಸರು ಎಲ್ಲ ಸರಿಯಾಗಿ ಹೇಳಿದ. ಅತ್ತೆಯ ಮನೆಯ ಹುಂಜದ ಹೆಸರನ್ನೂ ಹೇಳಿದ. ಅದನ್ನು ಯಾರೂ ಕೇಳಿರಲಿಲ್ಲ.

"ಹಾಸಿಗೆಯ ಯಾವ ಬದಿ?" ಎಂದೆ, ಅಂಚಿನಿಂದ ಕಣ್ಣೆತ್ತದೆ.

ಸ್ವಲ್ಪ ತಡೆದು, "ಎಡಕ್ಕೆ, ಮ್ಯಾಮ್," ಎಂದ.

"ಎಡಕ್ಕೆ," ಎಂದಳು ನೊಹೆಮಿ ಗುಂಡಿಯ ಡಬ್ಬದ ಹತ್ತಿರದಿಂದ, ಬಹಳ ಬೇಗ.

ಇಬ್ಬರೂ ಮಾತಾಡಿಕೊಂಡು ಬಂದಿದ್ದಾರೆಂದು ಕುರುಡಿಗೂ ಗೊತ್ತಾಗುತ್ತಿತ್ತು. ನನಗೆ ಗೊತ್ತಿರುವ ವಿಷಯ ಕರ್ಟಿಸ್‌ಗೆ ಗೊತ್ತಾಗುವಂತಿಲ್ಲ. ಅದಕ್ಕೇ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ. "ನೋಡಪ್ಪ, ನಿಜ ಹೇಳಿದ್ರೆ ನೆನಪಿಟ್ಕೊಳ್ಳೋ ಕಷ್ಟ ಇಲ್ಲ. ಸುಳ್ಳನ್ನ ಇಬ್ಬರೂ ಒಂದೇ ಅಳತೆಗೆ ಹೊಲಿಯೋಕೆ ಆಗಲ್ಲ." "ಸರಿ, ಮ್ಯಾಮ್," ಎಂದ ಅವನು. ನೊಹೆಮಿ ಗುಂಡಿಗಳನ್ನು ಆರಿಸುತ್ತಲೇ ಇದ್ದಳು.

ಸಂದರ್ಶನದ ದಿನ ನಾನೂ ಅವರ ಜೊತೆ ಹೋದೆ. ಅಂಗಡಿ ಮುಚ್ಚಲು ನನಗೊಂದು ನೆಪ ಬೇಕಿತ್ತು ಎಂದು ಅವರಿಗೆ ಹೇಳಿದೆ. ನಿಜ ಬೇರೆಯೇ ಇತ್ತು. ನನಗೆ ಮಕ್ಕಳಿಲ್ಲ. ಅವಳು ಹೋಗಿಬಿಟ್ಟರೆ ಮಧ್ಯಾಹ್ನದ ಊಟಕ್ಕೆ ನನ್ನ ಎದುರು ಕೂರುವವರು ಯಾರು?

ಕಚೇರಿಯಲ್ಲಿ ಇಬ್ಬರನ್ನೂ ಒಟ್ಟಿಗೆ ಕರೆಯುತ್ತಾರೆಂದು ನಾವು ಅಂದುಕೊಂಡಿದ್ದೆವು. ಸಂದರ್ಶನ ಮಾಡುವ ಅಧಿಕಾರಿ ನೆರೆಗೂದಲಿನ ಹೆಂಗಸು, ಕುತ್ತಿಗೆಗೆ ಸರಪಳಿ ಕಟ್ಟಿದ ಕನ್ನಡಕ. ಬಾಗಿಲಿಗೆ ಬಂದು, "ನೀವಿಬ್ಬರೂ ಜೊತೆಗಿದ್ದದ್ದು ಕಡಿಮೆ. ಹಾಗಾಗಿ ಬೇರೆ ಬೇರೆಯಾಗಿ ಕೇಳ್ತೀನಿ. ಮೊದಲು ಹೆಂಡತಿ," ಎಂದಳು. ನೊಹೆಮಿ ಒಳಗೆ ಹೋದಳು. ಕರ್ಟಿಸ್ ನನ್ನ ಪಕ್ಕದಲ್ಲಿ ಮೊಣಕಾಲಿನ ಮೇಲೆ ಎರಡೂ ಅಂಗೈ ಇಟ್ಟುಕೊಂಡು, ಶಾಲೆಯಲ್ಲಿ ಶಿಕ್ಷೆಗೆ ಕೂತವನಂತೆ ನೆಟ್ಟಗೆ ಕೂತ.

ಹೊರಗೆ ಬಂದಾಗ ಅವಳ ಮುಖ ಗೆಲುವಾಗಿತ್ತು. ಕರ್ಟಿಸ್ ಒಳಗೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಂದಳು.

"ಎಲ್ಲ ಹೇಳಿದೆ, ದೋನ್ಯಾ. ಒಂದೂ ತಪ್ಪಲಿಲ್ಲ."

"ಅದನ್ನ ಕೇಳಿದ್ರಾ?"

"ಕೇಳಿದ್ರು. ಎಡಕ್ಕೆ ಅಂದೆ. ಕಿಟಕಿ ಪಕ್ಕ ಅಂತಾನೂ ಸೇರಿಸಿದೆ."

"ಕಿಟಕಿ ಯಾಕೆ ಸೇರಿಸಿದೆ, ಮೂದೇವಿ?"

"ಚೆನ್ನಾಗಿರುತ್ತೆ ಅಂತ," ಎಂದಳು.

ಅವನು ಬೇಗ ಬರಲಿಲ್ಲ. ನಮ್ಮ ನಂತರ ಬಂದವರು ಮುಗಿಸಿಕೊಂಡು ಹೋದರು. ನೊಹೆಮಿ ನನ್ನ ಕೈಚೀಲದಲ್ಲಿದ್ದ ಪುದೀನ ಪೆಪ್ಪರಮಿಂಟುಗಳನ್ನೆಲ್ಲ ತಿಂದು ಮುಗಿಸಿದಳು. ಬಾಗಿಲು ತೆರೆಯಿತು. ಅಧಿಕಾರಿ ಅವಳನ್ನು ಮತ್ತೆ ಒಳಗೆ ಕರೆದಳು. ಎದ್ದು ನಿಂತ ನೊಹೆಮಿಯ ಮುಖದಲ್ಲಿ ರಕ್ತವಿರಲಿಲ್ಲ.

ಒಳಗೆ ನಡೆದದ್ದು ನನಗೆ ಆಮೇಲೆ ತಿಳಿಯಿತು, ಊರಿಗೆ ಹಿಂದಿರುಗುವ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ. ಇಬ್ಬರೂ ತುಂಡು ತುಂಡಾಗಿ ಹೇಳಿದರು, ನಾನು ಜೋಡಿಸಿಕೊಂಡೆ.

ಕರ್ಟಿಸ್ ಒಳಗೆ ಹೋದ ಕೂಡಲೇ ಬಲಗೈ ಎತ್ತಿಸಿ, ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದ್ದರು. ಎಲ್ಲರಿಗೂ ಮಾಡಿಸುತ್ತಾರೆ. ಹೆಚ್ಚಿನವರು ಅದನ್ನು ಸೊಳ್ಳೆ ಓಡಿಸಿದಂತೆ ಮಾಡಿ ಮುಗಿಸುತ್ತಾರೆ. ಇವನಿಗೆ ಹಾಗಾಗಲಿಲ್ಲ. "ಕೈ ಎತ್ತಿ ಹೇಳಿದ್ದನ್ನ ನಾನು ಇದುವರೆಗೆ ಮುರಿದಿಲ್ಲ, ಮ್ಯಾಮ್," ಎಂದ ನನ್ನ ಹತ್ತಿರ. "ಸೈನ್ಯಕ್ಕೆ ಸೇರುವಾಗ ಎತ್ತಿದ್ದೆ. ಆಮೇಲೆ ಇವತ್ತೇ. ಎಡಕ್ಕೆ ಅನ್ನೋ ಮಾತು ಗಂಟಲಿಂದ ಮೇಲೆ ಬರಲೇ ಇಲ್ಲ. ಮತ್ತೆ ನೊಹೆಮಿ ಬೈಬಲ್ ಮುಟ್ಟೋಳು, ಕೈ ಎತ್ತಿಸಿದ ಮೇಲೆ ಅವಳೂ ಸುಳ್ಳು ಹೇಳಿರಲ್ಲ ಅಂದ್ಕೊಂಡೆ." ನೆಲದ ಮೇಲೆ, ಬಾಗಿಲ ಹತ್ತಿರ ಮಲಗುತ್ತೇನೆ ಎಂದಿದ್ದ. ಯಾಕೆ ಎಂದು ಅಧಿಕಾರಿ ಕೇಳಿದ್ದಳು. ಅದನ್ನೂ ಹೇಳಿದ್ದ. ಯಾವ ಮೇಲಧಿಕಾರಿಗೂ, ಯಾವ ಡಾಕ್ಟರಿಗೂ ಹೇಳದಿದ್ದುದನ್ನು, ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸಿನ ಮೇಜಿನ ಮುಂದೆ ಕೂತು ಹೇಳಿದ್ದ.

ಈಗ ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂರಿಸಿಕೊಂಡು ಆ ಅಧಿಕಾರಿ ಕೇಳಿದಳಂತೆ, "ಒಬ್ಬರು ಹಾಸಿಗೆ, ಕಿಟಕಿ ಪಕ್ಕ ಅಂತೀರಿ. ಇನ್ನೊಬ್ಬರು ನೆಲ, ಬಾಗಿಲ ಪಕ್ಕ ಅಂತೀರಿ. ನೀವಿಬ್ಬರೂ ಒಂದೇ ಮನೇಲಿದೀರಾ?"

"ಹಾಸಿಗೆ," ಎಂದಳು ನೊಹೆಮಿ.

"ನಾನು ಹೇಳಿಬಿಟ್ಟೆ ಕಣೇ," ಎಂದ ಕರ್ಟಿಸ್.

"ನೀನೇನೂ ಹೇಳಿಲ್ಲ. ಮ್ಯಾಮ್, ಅವನಿಗೆ ದಣಿವಾಗಿದೆ, ಏನೇನೋ ಹೇಳ್ತಾನೆ. ಅವನು ಮಲಗೋದು ಹಾಸಿಗೆಯಲ್ಲೇ."

ಅಧಿಕಾರಿ ಪೆನ್ನು ಕೆಳಗಿಟ್ಟಳು. "ಹೀಗೇ ಬರ್ಕೊಂಡ್ರೆ ನಿಮ್ಮ ಅರ್ಜಿಗೆ ಏನಾಗುತ್ತೆ ಗೊತ್ತಾ?"

"ಗೊತ್ತು."

"ನಿಮ್ಮನ್ನ ವಾಪಸ್ ಕಳಿಸಬೇಕಾಗಬಹುದು."

"ಕಳಿಸಿ, ಮ್ಯಾಮ್. ಹೋಗ್ತೀನಿ. ಅವನ ಹೆಸರಿನ ಕೆಳಗೆ ಮಾತ್ರ ಅದನ್ನ ಬರೀಬೇಡಿ. ಅದು ಸೈನ್ಯಕ್ಕೆ ಹೋದ್ರೆ ಅವನು ಉಳಿಯಲ್ಲ."

ಇಲ್ಲಿಯವರೆಗೆ ಹೇಳಿ ಕರ್ಟಿಸ್ ನಿಲ್ಲಿಸಿದ. ಮುಂದಿನದನ್ನು ನೊಹೆಮಿ ಹೇಳಿದಳು, ತಟ್ಟೆಯ ಕಡೆ ನೋಡುತ್ತಾ. ಇಲ್ಲಿ ಹೇಳಿದ್ದು ಸೈನ್ಯಕ್ಕೆ ಹೋಗುವುದಿಲ್ಲ ಎಂದು ಆ ಅಧಿಕಾರಿ ನಿಧಾನವಾಗಿ, ಎರಡು ಸಲ ಹೇಳಿದಳಂತೆ. ತಪ್ಪು ಉತ್ತರವನ್ನು ತಿದ್ದುವುದಿದ್ದರೆ ಈಗಲೇ ತಿದ್ದಬಹುದು ಎಂದೂ ಹೇಳಿದಳು. ನೊಹೆಮಿ ಗಂಡನ ಮುಖ ನೋಡಿದಳು. ಅವನು ಹೇಳು ಎಂಬಂತೆ ತಲೆಯಾಡಿಸಿದ.

"ನೆಲದ ಮೇಲೆ," ಎಂದಳು ಕೊನೆಗೆ.

"ಸರಿ. ಹಾಗಾದ್ರೆ ನೀವೆಲ್ಲಿ ಮಲಗ್ತೀರಿ?"

ಈ ಪ್ರಶ್ನೆಯನ್ನು ನನ್ನ ಅಂಗಡಿಯಲ್ಲಿ ನಾನು ಎಂದೂ ಕೇಳಿದವಳಲ್ಲ. ಇವರಿಬ್ಬರೂ ಇದಕ್ಕೆ ಉತ್ತರವನ್ನು ಮಾತಾಡಿಕೊಂಡಿರಲಿಲ್ಲ.

"ನಾನೂ ನೆಲದ ಮೇಲೇನೇ, ಮ್ಯಾಮ್. ಅದೇ ಕಾರಿಡಾರಿನ ಇನ್ನೊಂದು ತುದಿ, ಅಡುಗೆಮನೆ ಹತ್ರ. ಅವನಿಗೆ ನಿದ್ದೆ ಹತ್ತಿದ ಮೇಲೆ ಎದ್ದು ಬರ್ತೀನಿ. ಅವನು ಏಳೋಕೆ ಮುಂಚೆ ಕೋಣೆಗೆ ಹೋಗ್ತೀನಿ. ತೀರಾ ಹತ್ರ ಹೋದ್ರೆ ಬೆಚ್ಚಿಬೀಳ್ತಾನೆ. ಅಷ್ಟು ದೂರದಲ್ಲಿದ್ರೆ ಬೆಚ್ಚಲ್ಲ, ನನಗೆ ಅವನ ಉಸಿರೂ ಕೇಳ್ಸುತ್ತೆ. ಉಸಿರು ಬದಲಾದ್ರೆ ಮೆತ್ತಗೆ ಅವನ ಹೆಸರು ಕರೀತೀನಿ. ಹಾಸಿಗೆಯಲ್ಲಿ ಯಾರೂ ಮಲಗಲ್ಲ. ಅದರ ಮೇಲೆ ಒಗೆದ ಬಟ್ಟೆ ಇರುತ್ತೆ."

ಕರ್ಟಿಸ್‌ಗೆ ಇದು ಗೊತ್ತಿರಲಿಲ್ಲ. ನಿದ್ದೆಯಲ್ಲಿ ಯಾರೋ ತನ್ನನ್ನು ಕರೆಯುತ್ತಾರೆ, ಆಮೇಲೆ ಕನಸು ಬಿಟ್ಟುಹೋಗುತ್ತದೆ ಎನ್ನುವುದಷ್ಟೇ ಅವನಿಗೆ ಗೊತ್ತಿದ್ದದ್ದು. ತೀರಿಕೊಂಡ ತನ್ನ ತಾಯಿಯ ದನಿ ಎಂದುಕೊಂಡಿದ್ದನಂತೆ.

ಅಧಿಕಾರಿ ತಿದ್ದಿದ ಉತ್ತರ ಬರೆದುಕೊಂಡು ಇಬ್ಬರ ಸಹಿ ಹಾಕಿಸಿಕೊಂಡಳು. ತೀರ್ಮಾನ ಅಂಚೆಯಲ್ಲಿ ಬರುತ್ತದೆ ಎಂದಳು. ಒಳ್ಳೆಯದಾಗುತ್ತದೆ ಎಂದೇನೂ ಹೇಳಲಿಲ್ಲ. ಬಾಗಿಲವರೆಗೆ ಬಂದು ಕರ್ಟಿಸ್‌ನ ಕೈ ಕುಲುಕಿ ಹೋದಳು, ಅದನ್ನು ನಾನೇ ಕಣ್ಣಾರೆ ನೋಡಿದೆ.

ಆ ದಾರಿಬದಿಯ ಹೋಟೆಲಿನಲ್ಲಿ ಕರ್ಟಿಸ್ ತಟ್ಟೆಯನ್ನು ಮುಟ್ಟಲಿಲ್ಲ.

"ಯಾವಾಗಿನಿಂದ?" ಎಂದ ಹೆಂಡತಿಗೆ.

"ನೀನು ನೆಲಕ್ಕೆ ಹೋದಾಗಿನಿಂದ."

"ನೆಲ ತಣ್ಣಗಿರುತ್ತೆ."

"ನಿನಗೆ ಹಾಸು ಹೊಲಿದಾಗ ನನಗೂ ಒಂದು ಹೊಲ್ಕೊಂಡೆ. ದೋನ್ಯಾ ಹತ್ತಿ ಕೊಟ್ರು."

ನನಗೆ ಕೊಟ್ಟ ಲೆಕ್ಕದಲ್ಲಿ ಇದ್ದದ್ದು ಒಂದೇ ನಾಯಿ ಎಂದು ನಾನು ಹೇಳಿದೆ. ನೊಹೆಮಿಗೆ ನಗು ಬಂತು, ನಗುತ್ತಲೇ ಅಳು ಬಂತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನಾನು ಅವರನ್ನು ದಿಟ್ಟಿಸಿದ ಮೇಲೆ ಅವರು ತಮ್ಮ ಊಟ ನೋಡಿಕೊಂಡರು. ಈ ಇಬ್ಬರ ಮೇಲೂ ನನಗೆ ಆ ಹೊತ್ತಿನಲ್ಲಿ ಎಷ್ಟು ಪ್ರೀತಿ ಬಂತೆಂದರೆ, ಬಿಲ್ಲನ್ನು ನಾನೇ ಕೊಟ್ಟೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಮರುದಿನ ಕರ್ಟಿಸ್ ಸೈನ್ಯದ ಆಸ್ಪತ್ರೆಗೆ ತಾನಾಗಿಯೇ ಹೋದ. ಯಾರೂ ಕಳಿಸಲಿಲ್ಲ, ಯಾರೂ ಚಾಡಿ ಹೇಳಲಿಲ್ಲ. ಯಾಕೆ ಹೋದೆ ಎಂದು ನೊಹೆಮಿ ಗಾಬರಿಯಿಂದ ಕೇಳಿದ್ದಕ್ಕೆ, "ಒಂದು ಸಲ ಹೇಳಿದ್ದಾಯ್ತಲ್ಲ, ಎರಡನೇ ಸಲ ಅಷ್ಟು ಕಷ್ಟ ಆಗಲಿಲ್ಲ. ನೀನು ನೆಲದ ಮೇಲೆ ಮಲಗೋದು ನಿಲ್ಲಬೇಕು," ಎಂದನಂತೆ. ಡಾಕ್ಟರು ಔಷಧಿ ಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡು ಎಂದರು. ಅವನು ಹೆದರಿದ್ದು ಪೂರಾ ಸುಳ್ಳಾಗಲಿಲ್ಲ. ಚಳಿಗಾಲಕ್ಕೆ ಅವನ ದಳ ಮತ್ತೆ ಹೊರಡುವುದಿತ್ತು. ಹೊರಡುವವರಲ್ಲಿ ಅವನನ್ನು ಸೇರಿಸಿಕೊಳ್ಳಲಿಲ್ಲ. ಇಲ್ಲೇ ಸಾಮಾನಿನ ಗೋದಾಮಿನಲ್ಲಿ ಕೆಲಸ ಕೊಟ್ಟರು. ಅವನು ತಾನಾಗಿ ಆ ವಿಷಯ ಎತ್ತಲಿಲ್ಲ. ಅಂಗಡಿಗೆ ಬಂದಾಗ ನಾನು ಬಾಯಿಗೆ ಬಂದಂತೆ ಸೈನ್ಯವನ್ನು ಬೈದೆ. "ಬೇಡ ಮ್ಯಾಮ್, ಅವರದ್ದು ತಪ್ಪಲ್ಲ," ಎಂದ.

ನೊಹೆಮಿಯ ಕಾರ್ಡು ಬಂದದ್ದು ಎಲೆ ಉದುರುವ ಕಾಲದಲ್ಲಿ. ದೊಡ್ಡ ಕಾರ್ಡು. ಲಕೋಟೆಯನ್ನು ಅವಳು ನನ್ನ ಕತ್ತರಿಯಿಂದಲೇ ಕತ್ತರಿಸಿದಳು. ಕಾಗದಕ್ಕೆ ಬಟ್ಟೆಯ ಕತ್ತರಿ ಹಾಕಿದವರ ಕೈ ಮುರಿಯುತ್ತೇನೆಂದು ನಾನು ಯಾವಾಗಲೂ ಹೇಳುವವಳು, ಅವತ್ತು ಸುಮ್ಮನಿದ್ದೆ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕೊಮಾಯಾಗ್ವಾಕ್ಕೆ ಫೋನು ಮಾಡಿ ತಾಯಿಗೆ ಹೇಳಿದಳು. ಆಮೇಲೆ ಅರ್ಧಕ್ಕೆ ನಿಂತಿದ್ದ ಒಂದು ತೋಳಿನ ಪಟ್ಟೆಯನ್ನು ಹೊಲಿದು ಮುಗಿಸಿದಳು. ಅದು ಕರ್ಟಿಸ್‌ನ ಜೊತೆಯವನೊಬ್ಬನದು. ಬಡ್ತಿ ಸಿಕ್ಕು ಕರ್ಟಿಸ್‌ನ ಜಾಗಕ್ಕೆ ಹೊರಟವನು.

ದಳ ಹೊರಡುವ ದಿನ ಬೆಳಿಗ್ಗೆ ನೆಲೆಯೊಳಗಿನ ವ್ಯಾಯಾಮದ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ಬ್ಯಾಂಡು, ಬಾವುಟ, ಡೋನಟ್ಟು. ಒಂದು ಕಡೆ ಸಾಲಾಗಿ ಚೀಲ ಹೊತ್ತ ಸಿಪಾಯಿಗಳು, ಎದುರು ಕಡೆ ಹೆಂಡತಿಯರು, ಮಕ್ಕಳು, ತಾಯಂದಿರು. ನಾನು ಪ್ರತಿ ಸಲವೂ ಹೋಗುತ್ತೇನೆ. ಕಡೇ ಗಳಿಗೆಯಲ್ಲಿ ಯಾರದ್ದಾದರೂ ಗುಂಡಿ ಕಿತ್ತು ಬಂದೇ ಬರುತ್ತದೆ. ಕರ್ಟಿಸ್ ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಸಮವಸ್ತ್ರವನ್ನು ಗರಿಗರಿಯಾಗಿ ಇಸ್ತ್ರಿ ಮಾಡಿ ಹಾಕಿಕೊಂಡು, ಹೆಂಡತಿಯರ ಸಾಲಿನಲ್ಲಿ, ನೊಹೆಮಿಯ ಕೈಚೀಲ ಹಿಡಿದುಕೊಂಡು ನಿಂತ. ಅವನ ದಳದವರು ಒಬ್ಬೊಬ್ಬರಾಗಿ ಬಂದು ಕೈ ಹಿಡಿದರು. ಒಬ್ಬ, "ಇಲ್ಲಿ ಎಲ್ಲರ ಮನೆ ಕಡೆ ನೋಡ್ಕೊ, ಸಾರ್ಜೆಂಟ್," ಎಂದ. ಕುಹಕವಿರಲಿಲ್ಲ ಅದರಲ್ಲಿ, ಆದರೂ ಕರ್ಟಿಸ್ ಆ ಕೈಚೀಲವನ್ನು ಎದೆಗೆ ಅವುಚಿಕೊಂಡ. ನನಗೆ ಅವನ ಕಡೆ ನೋಡಲಾಗಲಿಲ್ಲ. ಅವಳನ್ನು ಉಳಿಸಿಕೊಳ್ಳಲು ಅವನು ಏನನ್ನು ಕೊಟ್ಟಿದ್ದಾನೆ ಎನ್ನುವುದು ಆ ಹಾಲಿನಲ್ಲಿ ನಿಂತವರಿಗೆ ಹೇಳಿ ತಿಳಿಸಬೇಕಾದ ಮಾತಲ್ಲ.

ಬಸ್ಸುಗಳು ಒಂದರ ಹಿಂದೆ ಒಂದು ಗೇಟು ದಾಟಿದವು. ಹೆಂಗಸರು ಕಣ್ಣೊರೆಸಿಕೊಂಡು ಕಾರುಗಳ ಕಡೆ ಹೋದರು. ಕರ್ಟಿಸ್ ಕೊನೆಯ ಬಸ್ಸು ಕಾಣದಾಗುವವರೆಗೂ ಸೆಟೆದು ನಿಂತೇ ಇದ್ದ. ನೊಹೆಮಿ ಅವನಿಗೆ ಒಂದು ತೋಳು ದೂರದಲ್ಲಿ, ಮುಟ್ಟದೆ, ಕಾಯುತ್ತಾ ನಿಂತಿದ್ದಳು. ಅವನೇ ಅವಳ ಹತ್ತಿರ ಸರಿದ. ಎಲ್ಲರೆದುರಿಗೆ, ಹಾಡುಹಗಲಿನಲ್ಲಿ, ಅಷ್ಟೆತ್ತರದ ಗಂಡಸು ಬಗ್ಗಿ ಅವಳ ಹೆಗಲ ಮೇಲೆ ತಲೆಯಿಟ್ಟ.

"ಮನೆಗೆ ಹೋಗೋಣ," ಎಂದ. "ನಿದ್ದೆ ಬರ್ತಾ ಇದೆ."